ಹತ್ತು ಉಗುರಿಗೆ ಎರಡು ತಾಸು: ಅವಸರ ಯಾರದು?

ಮದುವೆಯಾದ ಮೂರನೇ ದಿನಕ್ಕೆ ಮದುಮಗಳ ತಾಯಿ ನನ್ನ ತಂಗಿಯ ಪಾರ್ಲರ್‌ಗೆ ಬಂದರು. ಕೈಯಲ್ಲಿ ಒಂದು ಕಾಗದದ ಪೊಟ್ಟಣ. ಅದನ್ನು ಬಿಚ್ಚಿ ಟೇಬಲ್ ಮೇಲೆ ಇಟ್ಟರು. ಒಳಗೆ ಮರೂನ್ ಬಣ್ಣದ ನಾಲ್ಕು ಚಿಪ್ಪು. ಉಗುರಿನ ಆಕಾರದಲ್ಲೇ ಇಡಿಯಾಗಿ ಎದ್ದು ಬಂದ ಜೆಲ್ ಪಾಲಿಶ್.

"ಏನವಾ ಇದು? ಹದಿನೈದು ದಿನಾ ಇರ್ತೈತಿ ಅಂದಿದ್ದಿ. ಭೂಮದ ಊಟಕ್ಕ ಕುಂತಾಗ ಒಂದು ಅನ್ನದಾಗ ಬಿತ್ತು. ಬೀಗರ ಮುಂದ ನಮ್ಮ ಮಾನ ಹೋತು."

ತಂಗಿ ಏನೂ ಮಾತಾಡಲಿಲ್ಲ. ತೆಗೆದುಕೊಂಡಿದ್ದ 400 ರೂಪಾಯಿ ವಾಪಸ್ ಕೊಟ್ಟಳು. ಅವರು ಬೇಡ ಅನ್ನಲಿಲ್ಲ. ಮರುದಿನ ಅಂಗಡಿ ಬಾಗಿಲು ತೆಗೆಯಲಿಲ್ಲ. ಸಂಘದಲ್ಲಿ ಎತ್ತಿದ ಸಾಲದ ಕಂತು ಆ ವಾರವೇ ಇತ್ತು.

ನಾನು ಹಾವೇರಿ ಜಿಲ್ಲೆಯಲ್ಲಿ ಸ್ಟ್ರಿಂಗರ್. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಲಿಪ್‌ಸ್ಟಿಕ್‌ಗೆ, ನೇಲ್ ಪಾಲಿಶ್‌ಗೆ ಹೋಗುತ್ತದೆ ಅಂತ ಪ್ರತಿ ಸೀಸನ್ನಿಗೂ ಒಂದು ಸುದ್ದಿ ಬರೆಯುವವರಲ್ಲಿ ನಾನೂ ಒಬ್ಬ. ಆದರೆ ನೇಲ್ ಪಾಲಿಶ್ ಹಚ್ಚುವ ಕೈಗಳ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಗಂಡಸಿಗೆ ಈ ವಿಷಯದಲ್ಲಿ ಏನು ಗೊತ್ತು ಅಂತ ಕೇಳಬಹುದು. ಕಳೆದ ನಾಲ್ಕು ತಿಂಗಳು ನನ್ನ ಎಡಗೈಯೇ ತಂಗಿಯ ಪಾಟಿ. ಜಿಲ್ಲಾಧಿಕಾರಿ ಕಚೇರಿಯ ಒಂದು ಪತ್ರಿಕಾಗೋಷ್ಠಿಯಲ್ಲಿ ನನ್ನ ಕಿರುಬೆರಳು ಗುಲಾಬಿ ಬಣ್ಣದಲ್ಲಿ ಹೊಳೆಯುತ್ತಿದ್ದದ್ದನ್ನು ಪಕ್ಕದ ಕ್ಯಾಮೆರಾಮನ್ ನೋಡಿಬಿಟ್ಟ. ಇವತ್ತಿಗೂ ಅವನು ಅದನ್ನು ಬಿಟ್ಟಿಲ್ಲ.

ಹೇಳಬೇಕಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಈ ಕೆಲಸ ಕಲಿಯುವ ಹುಡುಗಿಯರಿಗೆ ನಾವೆಲ್ಲ ಸೇರಿ ತಪ್ಪು ಪಾಠ ಹೇಳುತ್ತಿದ್ದೇವೆ. ಬೇಗ ಮಾಡು ಅನ್ನುತ್ತೇವೆ. ಮೊಬೈಲ್‌ನಲ್ಲಿ ಬರುವ ಮೂವತ್ತು ಸೆಕೆಂಡಿನ ವಿಡಿಯೋದಲ್ಲಿ ಹತ್ತೂ ಉಗುರು ಮುಗಿದಿರುತ್ತವೆ. ಕೋರ್ಸ್ ಕಲಿಸುವವರು ಅರ್ಧ ತಾಸಿಗೆ ಒಂದು ಕೈ ಜೋಡಿ ಮುಗಿದರೆ ತಿಂಗಳಿಗೆ ಇಷ್ಟು ಗಳಿಕೆ ಅಂತ ಬೋರ್ಡ್ ಮೇಲೆ ಲೆಕ್ಕ ಬರೆಯುತ್ತಾರೆ. ಕುರ್ಚಿಯಲ್ಲಿ ಕುಂತ ನಾವು "ಲಗೂ ಮಾಡವಾ, ಬಸ್ಸೈತಿ" ಅನ್ನುತ್ತೇವೆ. ಮೂರನೇ ದಿನ ಕಿತ್ತು ಬಂದಾಗ ಮಾತ್ರ ತಪ್ಪೆಲ್ಲ ಆ ಹುಡುಗಿಯದು.

ತಂಗಿ ಹೋದ ಬ್ಯೂಟಿಷಿಯನ್ ತರಬೇತಿ ಸುಮಾರು ಒಂದು ತಿಂಗಳದ್ದು. ಹುಬ್ಬು, ಫೇಶಿಯಲ್, ಕೂದಲು, ಮೆಹಂದಿ, ಮದುಮಗಳ ಮೇಕಪ್ ಎಲ್ಲ ಸೇರಿ. ಅದರಲ್ಲಿ ಉಗುರಿಗೆ ಸಿಕ್ಕದ್ದು ಒಂದೂವರೆ ದಿನ, ಅದೂ ಪ್ಲಾಸ್ಟಿಕ್ ಉಗುರಿನ ಮೇಲೆ. ಪ್ಲಾಸ್ಟಿಕ್ ಉಗುರಿಗೆ ಎಣ್ಣೆ ಬರುವುದಿಲ್ಲ, ಬೆವರು ಬರುವುದಿಲ್ಲ, ಅದು ಬೆಳಿಗ್ಗೆ ಪಾತ್ರೆ ತೊಳೆದು ಬಂದಿರುವುದಿಲ್ಲ. ಅದರ ಮೇಲೆ ಯಾರು ಹಚ್ಚಿದರೂ ನಿಲ್ಲುತ್ತದೆ. ಸರ್ಟಿಫಿಕೇಟ್ ಬಂತು, ಗೋಡೆಗೆ ಏರಿತು, ಅಂಗಡಿ ಶುರುವಾಯಿತು.

ಪೊಟ್ಟಣ ಬಂದ ದಿನ ತಂಗಿ ಮೊದಲು ಬೈದದ್ದು ಬಾಟಲಿಯನ್ನು. "ಅಗ್ಗದ್ದು ತಂದೆ ಅಣ್ಣಾ, ಅದಕ್ಕ ಹಿಂಗಾತು." ಹುಬ್ಬಳ್ಳಿಗೆ ಹೋಗಿ ಮೂರು ಪಟ್ಟು ಬೆಲೆಯ ಬಾಟಲಿ ಉದ್ರಿ ತಂದಳು. ಅದನ್ನು ಹಚ್ಚಿದ್ದೂ ಐದನೇ ದಿನಕ್ಕೆ ತುದಿಯಿಂದ ಎದ್ದಿತು. ಆಗ ನಾನು ವರದಿಗಾರನ ಬುದ್ಧಿ ಉಪಯೋಗಿಸಿದೆ. ಫೋನ್‌ನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ಪಕ್ಕದಲ್ಲಿ ಕುಂತು, ನಮ್ಮ ಚಿಕ್ಕವ್ವನ ಮಗಳಿಗೆ ಅವಳು ಹಚ್ಚುವುದನ್ನು ಮೊದಲಿಂದ ಕೊನೆಯವರೆಗೆ ಬರೆದುಕೊಂಡೆ.

ಒಟ್ಟು 115 ನಿಮಿಷ. ಬಣ್ಣ ಆರಿಸುವುದಕ್ಕೆ 22. ಉಗುರು ತಯಾರಿಗೆ 14. ಬೇಸ್ ಕೋಟ್, ಬಣ್ಣ, ಟಾಪ್ ಕೋಟ್, ಲ್ಯಾಂಪ್ ಸೇರಿ 38. ಚರ್ಮಕ್ಕೆ ತಾಗಿದ್ದನ್ನು ಒರೆಸಿ ಮತ್ತೆ ಹಚ್ಚುವುದಕ್ಕೆ 26. ಉಳಿದ 15 ನಿಮಿಷ ಫೈಲ್ ಎಲ್ಲಿಟ್ಟೆ ಅಂತ ಹುಡುಕುವುದು, ಫೋನ್ ಎತ್ತುವುದು, ಹತ್ತಿ ಕತ್ತರಿಸುವುದು.

ಈ ಲೆಕ್ಕ ನೋಡಿ ಇಬ್ಬರಿಗೂ ಆಶ್ಚರ್ಯವಾಯಿತು. ಬ್ರಷ್ ನಿಧಾನ ಅಂತ ಅವಳು ತಿಳಿದಿದ್ದಳು. ಬ್ರಷ್ ನಿಧಾನ ಇರಲೇ ಇಲ್ಲ. ತಾಸುಗಟ್ಟಲೆ ಹೋಗುತ್ತಿದ್ದದ್ದು ಬ್ರಷ್ ಹಿಡಿಯುವ ಮೊದಲು, ಮತ್ತು ಬ್ರಷ್ ತಪ್ಪಿದ ಮೇಲೆ. ಬಾಳಿಕೆ ಬರದೆ ಹೋಗುತ್ತಿದ್ದದ್ದು ಆ 14 ನಿಮಿಷದ ತಯಾರಿಯಲ್ಲಿ.

ಜೆಲ್ ಪಾಲಿಶ್ ಅಂದರೆ ಏನು ಅನ್ನುವುದು ಇಲ್ಲಿ ಸ್ವಲ್ಪ ಗೊತ್ತಿರಬೇಕು. ಮಾಮೂಲಿ ನೇಲ್ ಪಾಲಿಶ್ ಗಾಳಿಗೆ ಒಣಗುತ್ತದೆ, ಅದರೊಳಗಿನ ದ್ರಾವಕ ಹಾರಿಹೋಗಿ ಬಣ್ಣ ಉಳಿಯುತ್ತದೆ. ಜೆಲ್ ಹಾಗಲ್ಲ. ಅದು ಗಾಳಿಗೆ ಒಣಗುವುದೇ ಇಲ್ಲ. ಲ್ಯಾಂಪಿನ ನೇರಳಾತೀತ ಬೆಳಕು ಬಿದ್ದಾಗ ಒಳಗಿನ ಸಣ್ಣ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಪ್ಲಾಸ್ಟಿಕ್ ಆಗುತ್ತವೆ. ಇದಕ್ಕೆ ಕ್ಯೂರ್ ಆಗುವುದು ಅನ್ನುತ್ತಾರೆ. 2010ರಲ್ಲಿ ಅಮೆರಿಕದ ಸಿಎನ್‌ಡಿ ಕಂಪನಿ ಶೆಲ್ಯಾಕ್ ಹೆಸರಿನಲ್ಲಿ ಇದನ್ನು ಬಾಟಲಿ-ಬ್ರಷ್ ರೂಪದಲ್ಲಿ ತಂದ ಮೇಲೆ ಜಗತ್ತಿನ ಪಾರ್ಲರ್‌ಗಳಲ್ಲಿ ಹಬ್ಬಿತು. ನಮ್ಮ ತಾಲೂಕಿಗೆ ಬಂದು ಹೆಚ್ಚು ವರ್ಷವಾಗಿಲ್ಲ.

ಹೀಗೆ ಗಟ್ಟಿಯಾದ ಪ್ಲಾಸ್ಟಿಕ್ ಪದರ ಉಗುರಿಗೆ ಅಂಟಿಕೊಂಡಿರಬೇಕಾದರೆ ನಡುವೆ ಏನೂ ಇರಬಾರದು. ನೀರು, ಎಣ್ಣೆ, ಸತ್ತ ಚರ್ಮ ಯಾವುದೂ. ತಂಗಿಯ ಟೇಬಲ್ ಮೇಲೆ ಮೂರೂ ಇದ್ದವು.

ನೀರಿನ ಕಥೆ ಮೊದಲು. ಮೆನಿಕ್ಯೂರ್ ಅಂದರೆ ಬೆಚ್ಚಗಿನ ನೀರಿನ ಬಟ್ಟಲಲ್ಲಿ ಬೆರಳು ಅದ್ದಿಸುವುದು ಅಂತ ಅವಳಿಗೆ ಕಲಿಸಿದ್ದರು. ಉಗುರು ನೋಡುವುದಕ್ಕೆ ಕಲ್ಲಿನಂತೆ ಕಂಡರೂ ನೀರು ಕುಡಿಯುತ್ತದೆ. ನೀರು ಕುಡಿದು ಸ್ವಲ್ಪ ಹಿಗ್ಗುತ್ತದೆ. ಹಿಗ್ಗಿದ ಉಗುರಿನ ಮೇಲೆ ಜೆಲ್ ಗಟ್ಟಿ ಮಾಡಿದರೆ, ಆಮೇಲೆ ಉಗುರು ಒಣಗಿ ಕುಗ್ಗುತ್ತದೆ, ಮೇಲಿನ ಪ್ಲಾಸ್ಟಿಕ್ ಕುಗ್ಗುವುದಿಲ್ಲ. ಅಲ್ಲಿಂದಲೇ ಬಿಡುವುದು ಶುರು. ಜೆಲ್ ಹಚ್ಚುವ ದಿನ ನೀರಿನ ಬಟ್ಟಲೇ ಬೇಡ. ಪಾತ್ರೆ, ಬಟ್ಟೆ ತೊಳೆದು ನೇರವಾಗಿ ಬಂದವರನ್ನು ಸ್ವಲ್ಪ ಹೊತ್ತು ಕೂರಿಸಿ, ಕೈ ಪೂರ್ತಿ ಒಣಗಿದ ಮೇಲೆ ಶುರು ಮಾಡುವುದು ಒಳ್ಳೆಯದು. ಬಣ್ಣ ಆರಿಸುವ ಕೆಲಸ ಆ ಹೊತ್ತಿನಲ್ಲೇ ಮುಗಿಯಲಿ.

ಎರಡನೆಯದು ನಮಗೆ ಸಿಗುವುದಕ್ಕೆ ಎರಡು ವಾರ ಬೇಕಾಯಿತು. ಉಗುರು ಒರೆಸುವುದಕ್ಕೆ ಅವಳು ಇಟ್ಟುಕೊಂಡಿದ್ದದ್ದು ಕೊರೊನಾ ಕಾಲದಲ್ಲಿ ಮನೆಯಲ್ಲಿ ಉಳಿದಿದ್ದ ಹ್ಯಾಂಡ್ ಸ್ಯಾನಿಟೈಸರ್. ಅದರಲ್ಲೂ ಆಲ್ಕೋಹಾಲ್ ಇದೆ, ಇದರಲ್ಲೂ ಇದೆ, ದುಡ್ಡು ಯಾಕೆ ಹಾಳು ಅಂತ ಅವಳ ಲೆಕ್ಕ. ತಪ್ಪು ಅವಳದಲ್ಲ, ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಸ್ಯಾನಿಟೈಸರ್‌ನಲ್ಲಿ ಕೈ ಒಡೆಯದಿರಲಿ ಅಂತ ಗ್ಲಿಸರಿನ್ ಸೇರಿಸಿರುತ್ತಾರೆ. ಆಲ್ಕೋಹಾಲ್ ಹಾರಿಹೋದ ಮೇಲೆ ಗ್ಲಿಸರಿನ್ ಉಗುರಿನ ಮೇಲೆ ತೆಳ್ಳಗೆ ಉಳಿಯುತ್ತದೆ. ಅಂದರೆ ಅವಳು ಉಗುರನ್ನು ಶುಚಿ ಮಾಡುತ್ತೇನೆ ಅಂತ ತಿಳಿದು ಪ್ರತಿ ಸಲ ಜಿಡ್ಡು ಸವರುತ್ತಿದ್ದಳು. ಬೇಕಾಗಿದ್ದದ್ದು ಏನೂ ಬೆರೆಸದ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಅಸಿಟೋನ್, ಜೊತೆಗೆ ನೂಲು ಬಿಡದ ಪ್ಯಾಡ್. ಹತ್ತಿಯ ಎಳೆ ಜೆಲ್‌ನಲ್ಲಿ ಸಿಕ್ಕಿಕೊಂಡರೆ ಅದೂ ಒಂದು ತಲೆನೋವು.

ಆ ಮದುಮಗಳ ಉಗುರು ಎದ್ದದ್ದಕ್ಕೆ ಇನ್ನೂ ಒಂದು ಕಾರಣ ಇತ್ತು. ನಮ್ಮ ಕಡೆ ಮದುವೆಯಲ್ಲಿ ಅರಿಷಿಣ-ಎಣ್ಣೆ ಹಚ್ಚದೆ ಇರುವುದುಂಟೇ? ಆ ಹುಡುಗಿಗೆ ಬೆಳಿಗ್ಗೆ ಅರಿಷಿಣ ಹಚ್ಚಿ, ಸುರಗಿ ನೀರು ಹಾಕಿ, ಮೆಹಂದಿ ಕಪ್ಪಾಗಲಿ ಅಂತ ನೀಲಗಿರಿ ಎಣ್ಣೆಯನ್ನೂ ಸವರಿ, ಮಧ್ಯಾಹ್ನ ಪಾರ್ಲರ್‌ಗೆ ಕಳಿಸಿದ್ದರು. ಎಣ್ಣೆ, ನೀರು, ಅವುಗಳ ಮೇಲೆ ಸ್ಯಾನಿಟೈಸರ್. ಇಷ್ಟಾದರೂ ಮೂರು ದಿನ ನಿಂತದ್ದೇ ದೊಡ್ಡದು. ಮನೆಯಲ್ಲಿ ಮದುವೆ ಇರುವವರು ಇದನ್ನು ನೆನಪಿಡಿ: ಮೆಹಂದಿ, ಅರಿಷಿಣ ಎಲ್ಲ ಮುಗಿದು, ಕೈ ಸೋಪಿನಲ್ಲಿ ತೊಳೆದು, ಚೆನ್ನಾಗಿ ಒಣಗಿದ ಮೇಲೆ ಜೆಲ್. ಮೊದಲೇ ಹಚ್ಚಿಸಲೇಬೇಕು ಅಂದರೆ ತಿಳಿ ಬಣ್ಣ ಬೇಡ, ಅರಿಷಿಣ ತಾಗಿದರೆ ಹಳದಿಯಾಗುತ್ತದೆ.

ಮೂರನೆಯದು ಉಗುರಿನ ಬುಡದ ಸತ್ತ ಚರ್ಮ. ಉಗುರು ಬೆಳೆಯುವಾಗ ಬುಡದಿಂದ ಒಂದು ತೆಳ್ಳನೆಯ ಪೊರೆ ಅದಕ್ಕೆ ಅಂಟಿಕೊಂಡೇ ಮುಂದೆ ಬರುತ್ತದೆ. ಕಣ್ಣಿಗೆ ಕಾಣುವುದೇ ಕಷ್ಟ. ಅದರ ಮೇಲೆ ಹಚ್ಚಿದ ಜೆಲ್ ಉಗುರಿಗೆ ಅಂಟುವುದಿಲ್ಲ, ಆ ಪೊರೆಗೆ ಅಂಟುತ್ತದೆ. ಕೆಲವು ದಿನಕ್ಕೆ ಪೊರೆಯೇ ಬಿಡುತ್ತದೆ, ಜೊತೆಗೆ ಜೆಲ್ಲೂ. ಪುಷರ್‌ನಿಂದ ಹಗುರವಾಗಿ ಹಿಂದೆ ತಳ್ಳಿ ಆ ಪೊರೆಯನ್ನು ಕೆರೆದು ತೆಗೆಯಬೇಕು. ಹಗುರವಾಗಿ ಅಂದರೆ ಹಗುರವಾಗಿ. ಜೀವಂತ ಚರ್ಮವನ್ನು ಕತ್ತರಿಸಿ ರಕ್ತ ಬರಿಸುವುದು ಶುಚಿ ಮಾಡುವುದಲ್ಲ. ಆಮೇಲೆ ಬಫರ್‌ನಿಂದ ಉಗುರಿನ ಹೊಳಪು ಹೋಗುವಷ್ಟು ಮಾತ್ರ ಉಜ್ಜಬೇಕು. ಹೆಚ್ಚು ಉಜ್ಜಿದರೆ ಹೆಚ್ಚು ಹಿಡಿಯುತ್ತದೆ ಅಂತ ಒಂದು ನಂಬಿಕೆ ಇದೆ. ಹೆಚ್ಚು ಉಜ್ಜಿದರೆ ಉಗುರು ತೆಳ್ಳಗಾಗುತ್ತದೆ, ತೆಳ್ಳಗಿನ ಉಗುರು ಬಾಗುತ್ತದೆ, ಬಾಗಿದಾಗ ಜೆಲ್ ಬಿರಿಯುತ್ತದೆ. ನನ್ನ ಎಡಗೈ ತೋರುಬೆರಳಿನ ಮೇಲೆ ಈ ಪಾಠ ಆಯಿತು. ಒಂದು ವಾರ ಬಿಸಿ ಚಹಾದ ಲೋಟ ಹಿಡಿದರೆ ಉರಿ.

ಇನ್ನು ಹಚ್ಚುವ ವಿಷಯ. ತೆಳ್ಳಗೆ ಎರಡು ಸಲ ಹಚ್ಚಿದ್ದು ದಪ್ಪಗೆ ಒಂದು ಸಲ ಹಚ್ಚಿದ್ದಕ್ಕಿಂತ ಬೇಗ ಮುಗಿಯುತ್ತದೆ, ಬಾಳಿಕೆಯೂ ಹೆಚ್ಚು. ದಪ್ಪ ಪದರದಲ್ಲಿ ಬೆಳಕು ತಳದವರೆಗೆ ಇಳಿಯುವುದಿಲ್ಲ. ಮೇಲೆ ಗಟ್ಟಿ, ಒಳಗೆ ಹಸಿ. ಹಂಚು ಕಾಯುವ ಮೊದಲೇ ರೊಟ್ಟಿ ಹಾಕಿದಂತೆ. ಬಣ್ಣ ಸುಕ್ಕುಗಟ್ಟಿದರೆ ತಿಳಿಯಿರಿ, ಪದರ ದಪ್ಪವಾಗಿದೆ. ಕಪ್ಪು, ಗಾಢ ಮರೂನ್, ಕಡುನೀಲಿ ಬಣ್ಣಗಳು ತಾವೇ ಬೆಳಕನ್ನು ತಡೆಯುತ್ತವೆ, ಅವನ್ನು ಇನ್ನೂ ತೆಳ್ಳಗೆ ಹಚ್ಚಬೇಕು. ನಮ್ಮ ಮದುಮಗಳಂದಿರು ಕೇಳುವುದೇ ಮರೂನ್. ಹೊಸ ಹುಡುಗಿಯ ಪಾಲಿಗೆ ಎಲ್ಲಕ್ಕಿಂತ ಕಷ್ಟದ ಬಣ್ಣವೇ ಮೊದಲು ಬರುತ್ತದೆ, ನೋಡಿ.

ಉಗುರಿನ ಮುಂದಿನ ಅಂಚಿಗೂ ಬ್ರಷ್ ಒಂದು ಸಲ ಸವರಬೇಕು, ಬೇಸ್ ಕೋಟ್‌ನಿಂದ ಟಾಪ್ ಕೋಟ್‌ವರೆಗೆ ಪ್ರತಿ ಪದರದಲ್ಲೂ. ಸೀರೆಗೆ ಅಂಚು ಹೊಲಿದಂತೆ ಇದು. ಅಂಚು ಮುಚ್ಚದೆ ಬಿಟ್ಟರೆ ನೀರು, ಸೋಪು ಅಲ್ಲಿಂದಲೇ ಒಳಗೆ ಹೋಗುತ್ತವೆ. ಬುಡದಲ್ಲಿ ಮತ್ತು ಪಕ್ಕದಲ್ಲಿ ಇದಕ್ಕೆ ಉಲ್ಟಾ: ಚರ್ಮಕ್ಕೆ ತಾಗದಂತೆ ಕೂದಲೆಳೆಯಷ್ಟು ಜಾಗ ಬಿಡಬೇಕು. ತಾಗಿದರೆ ಲ್ಯಾಂಪಿಗೆ ಇಡುವ ಮೊದಲೇ ತೆಳ್ಳನೆಯ ಬ್ರಷ್‌ನಿಂದ ಒರೆಸಬೇಕು. ಲ್ಯಾಂಪಿನಿಂದ ಹೊರಬಂದ ಮೇಲೆ ಅದು ಒರೆಸಿದರೆ ಹೋಗುವಂಥದ್ದಲ್ಲ. ತಂಗಿಯ 26 ನಿಮಿಷ ಹೋಗುತ್ತಿದ್ದದ್ದು ಇಲ್ಲೇ.

ಹಾಗಾದರೆ ಕೈ ಚುರುಕಾಗುವುದು ಹೇಗೆ? ಒಂದು ಮಿತಿ ಮೊದಲೇ ಒಪ್ಪಿಕೊಳ್ಳಬೇಕು. ಬೇಸ್ ಒಂದು, ಬಣ್ಣ ಎರಡು, ಟಾಪ್ ಒಂದು, ಒಟ್ಟು ನಾಲ್ಕು ಪದರ. ಎಲ್‌ಇಡಿ ಲ್ಯಾಂಪ್‌ನಲ್ಲಿ ಪ್ರತಿ ಪದರಕ್ಕೆ 60 ಸೆಕೆಂಡ್ ಹಿಡಿಯಿರಿ. ಬಲಗೈ ಒಂದು ಸಲ, ಎಡಗೈ ಒಂದು ಸಲ, ಹೆಬ್ಬೆರಳು ಎರಡೂ ಸೇರಿ ಒಂದು ಸಲ. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆ ಇಟ್ಟರೆ ಅದು ಪಕ್ಕಕ್ಕೆ ವಾಲುತ್ತದೆ, ಜೆಲ್ ಒಂದು ಕಡೆ ಹರಿಯುತ್ತದೆ, ಬೆಳಕೂ ಸರಿಯಾಗಿ ಬೀಳುವುದಿಲ್ಲ. ಹೀಗೆ 12 ನಿಮಿಷ ಲ್ಯಾಂಪಿಗೇ ಬೇಕು. ಇದರಲ್ಲಿ ಒಂದು ಸೆಕೆಂಡೂ ಕಡಿಮೆ ಮಾಡುವ ಹಾಗಿಲ್ಲ. ಹಳೆಯ ಟ್ಯೂಬ್ ಲ್ಯಾಂಪ್ ಆದರೆ ಇದಕ್ಕೂ ಹೆಚ್ಚು.

ಉಳಿಸಬಹುದಾದದ್ದು ಬೇರೆ ಕಡೆ ಇದೆ. ಒಂದು ಕೈ ಲ್ಯಾಂಪಿನಲ್ಲಿ ಇರುವಾಗ ಇನ್ನೊಂದು ಕೈಗೆ ಹಚ್ಚುತ್ತಿರಬೇಕು. ಮೊದಲು ತಂಗಿ ಎರಡೂ ಕೈಗೆ ಹಚ್ಚಿ ಮುಗಿಸಿ, ಆಮೇಲೆ ಒಂದೊಂದನ್ನೇ ಲ್ಯಾಂಪಿಗೆ ಇಟ್ಟು ಸುಮ್ಮನೆ ನೋಡುತ್ತ ಕೂರುತ್ತಿದ್ದಳು. ಅಷ್ಟರಲ್ಲಿ ಮೊದಲು ಹಚ್ಚಿದ ಬೆರಳಿನ ಜೆಲ್ ಚರ್ಮಕ್ಕೆ ಹರಿದಿರುತ್ತಿತ್ತು. ತಯಾರಿಯಲ್ಲೂ ಹಾಗೇ. ಒಂದು ಉಗುರಿಗೆ ಪುಷರ್, ಫೈಲ್, ಬಫರ್ ಎಲ್ಲ ಮುಗಿಸಿ ಮುಂದಿನ ಉಗುರಿಗೆ ಹೋಗುವುದನ್ನು ಬಿಟ್ಟಳು. ಈಗ ಒಂದು ಸಾಮಾನು ಎತ್ತಿದರೆ ಹತ್ತೂ ಉಗುರು ಮುಗಿಸಿಯೇ ಕೆಳಗಿಡುತ್ತಾಳೆ. ಯಾವಾಗಲೂ ಕಿರುಬೆರಳಿನಿಂದ ಶುರು. ಸಾಮಾನು ಬಳಸುವ ಕ್ರಮದಲ್ಲೇ ಬಲಗಡೆ ಸಾಲಾಗಿ ಇರುತ್ತವೆ, ಟೇಲರ್ ತನ್ನ ಕತ್ತರಿಗೆ ಜಾಗ ಗೊತ್ತುಮಾಡಿದ ಹಾಗೆ. ಬ್ರಷ್‌ನಲ್ಲಿ ಸಣ್ಣ ಹನಿ, ಮೊದಲು ನಡುವೆ ಒಂದು ಎಳೆತ, ಆಮೇಲೆ ಎಡಕ್ಕೆ, ಬಲಕ್ಕೆ. ಮತ್ತೆ ಮತ್ತೆ ಸವರಿ ಚಂದ ಮಾಡುವುದಕ್ಕೆ ಹೋಗಬಾರದು, ಜೆಲ್ ತಾನೇ ಸಮನಾಗಿ ಕೂರುತ್ತದೆ.

ಬಣ್ಣ ಆರಿಸುವ 22 ನಿಮಿಷಕ್ಕೆ ಅವಳೇ ದಾರಿ ಹುಡುಕಿದಳು. ಪ್ಲಾಸ್ಟಿಕ್ ಉಗುರುಗಳ ಮೇಲೆ ತನ್ನ ಹತ್ತಿರ ಇರುವ ಬಣ್ಣಗಳನ್ನೆಲ್ಲ ಹಚ್ಚಿ ರಟ್ಟಿಗೆ ಅಂಟಿಸಿದಳು. ಕೋರ್ಸ್‌ನಲ್ಲಿ ಕೊಟ್ಟ ಪ್ಲಾಸ್ಟಿಕ್ ಉಗುರಿಗೆ ಕೊನೆಗೂ ಒಂದು ಉಪಯೋಗ ಆಯಿತು ಅನ್ನಿ. ಆ ರಟ್ಟಿನ ಫೋಟೋ ವಾಟ್ಸಾಪ್‌ನಲ್ಲಿ ಹಿಂದಿನ ದಿನವೇ ಹೋಗುತ್ತದೆ. ಬರುವವರು ಮನೆಯಲ್ಲೇ ಜಗಳ ಮುಗಿಸಿಕೊಂಡು ಬರುತ್ತಾರೆ.

ಈಗ ಅವಳಿಗೆ ಬೇಕಾಗುವುದು 55 ನಿಮಿಷ. ತಯಾರಿ 20, ಪದರ ಮತ್ತು ಲ್ಯಾಂಪ್ 30, ಕೊನೆಯ ಒರೆಸುವಿಕೆ, ಎಣ್ಣೆ 5. ತಯಾರಿಯ ಹೊತ್ತು ಹೆಚ್ಚಾಯಿತು, ಒಟ್ಟು ಹೊತ್ತು ಅರ್ಧಕ್ಕೆ ಇಳಿಯಿತು. ಬೇಗ ಮಾಡು ಅನ್ನುವವರು ಈ ಎರಡು ಮಾತನ್ನು ಒಟ್ಟಿಗೆ ಇಟ್ಟು ನೋಡಬೇಕು.

ಲ್ಯಾಂಪಿನ ಬಗ್ಗೆ ಒಂದೆರಡು ಮಾತು. ಡಬ್ಬಿಯ ಮೇಲೆ ಬರೆದ ವ್ಯಾಟ್ ನಂಬಿ ಕೊಳ್ಳಬೇಡಿ. ಮುಖ್ಯವಾದದ್ದು ನಿಮ್ಮ ಜೆಲ್‌ಗೆ ಬೇಕಾದ ಬೆಳಕನ್ನು ಆ ಲ್ಯಾಂಪ್ ಕೊಡುತ್ತದೆಯೇ ಅನ್ನುವುದು. ಸಾಮಾನ್ಯವಾಗಿ 365 ಮತ್ತು 405 ನ್ಯಾನೊಮೀಟರ್ ಅಂತ ಬರೆದಿರುತ್ತಾರೆ. ಒಂದೇ ಕಂಪನಿಯ ಜೆಲ್ ಮತ್ತು ಲ್ಯಾಂಪ್ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಫೋನ್ ಚಾರ್ಜರ್‌ಗೆ ಸಿಕ್ಕಿಸುವ ಅಂಗೈಯಷ್ಟು ಲ್ಯಾಂಪ್‌ನಿಂದ ಹತ್ತು ಉಗುರಿನ ವ್ಯಾಪಾರ ಮಾಡಲು ಹೋಗಬೇಡಿ. ಕರೆಂಟ್ ಹೋದರೆ ಗಾಬರಿ ಬೇಡ, ಬಂದ ಮೇಲೆ ಆ ಪದರಕ್ಕೆ ಪೂರ್ತಿ ಹೊತ್ತು ಮತ್ತೆ ಕೊಟ್ಟರಾಯಿತು. ಬಾಟಲಿಗಳನ್ನು ಕಿಟಕಿ ಹತ್ತಿರ ಇಡಬೇಡಿ, ಬಿಸಿಲಿನಲ್ಲೂ ಅದೇ ಬೆಳಕು ಇದೆ. ತಂಗಿಯ ಅಂಗಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಎರಡು ಬಾಟಲಿ ಹಾಗೇ ಗಟ್ಟಿಯಾಗಿ ಹೋದವು.

ಇಷ್ಟು ಹೊತ್ತು ದುಡ್ಡಿನ ಮಾತಾಯಿತು. ನನಗೆ ನಿಜವಾಗಿ ಭಯ ಇರುವುದು ಇನ್ನೊಂದು ವಿಷಯದ ಬಗ್ಗೆ.

ಎರಡನೇ ತಿಂಗಳಲ್ಲಿ ತಂಗಿಯ ಬಲಗೈ ಬೆರಳ ತುದಿಗಳಲ್ಲಿ ತುರಿಕೆ ಶುರುವಾಯಿತು. ಸಣ್ಣ ಗುಳ್ಳೆ, ಆಮೇಲೆ ಚರ್ಮ ಒಡೆಯುವುದು. ಅವ್ವ ಮೆಣಸಿನಕಾಯಿ ಖಾರ ಅಂದಳು. ಚರ್ಮದ ವೈದ್ಯರು ಏನು ಕೆಲಸ ಮಾಡುತ್ತೀರಿ ಅಂತ ಕೇಳಿ, ಜೆಲ್ ಅಂದ ಕೂಡಲೇ ತಲೆಯಾಡಿಸಿದರು. ಗಟ್ಟಿಯಾಗದ ಜೆಲ್ ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಬರಬಹುದು. ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಹೆಮಾ ಅನ್ನುವ ರಾಸಾಯನಿಕ, ಅಕ್ರಿಲೇಟ್ ಗುಂಪಿನದ್ದು. ಒಮ್ಮೆ ಈ ಅಲರ್ಜಿ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಹಲ್ಲಿನ ಫಿಲ್ಲಿಂಗ್‌ನಲ್ಲಿ ಬಳಸುವ ಕೆಲವು ವಸ್ತುಗಳಲ್ಲೂ ಇದೇ ಗುಂಪಿನ ರಾಸಾಯನಿಕ ಇರುವುದರಿಂದ ಮುಂದೆ ಅಲ್ಲೂ ತೊಂದರೆ ಆಗಬಹುದು. ಸಾಲ ಮಾಡಿ ಕಲಿತ ಕೆಲಸವನ್ನೇ ಮುಟ್ಟಲಾಗದ ಸ್ಥಿತಿ ಬಂದರೆ ಏನು ಮಾಡುವುದು?

ತಂಗಿಯದು ಅಷ್ಟಕ್ಕೆ ಹೋಗಲಿಲ್ಲ. ಎರಡು ವಾರ ಜೆಲ್ ಮುಟ್ಟದೆ ಇದ್ದಳು. ಅವಳು ಮಾಡುತ್ತಿದ್ದ ತಪ್ಪು ಇಷ್ಟೇ: ಚರ್ಮಕ್ಕೆ ತಾಗಿದ ಹಸಿ ಜೆಲ್ಲನ್ನು ಬೇಗ ಆಗಲಿ ಅಂತ ತನ್ನ ಬೆರಳಿನಿಂದಲೇ ಒರೆಸುತ್ತಿದ್ದಳು. ಟಾಪ್ ಕೋಟ್ ಕ್ಯೂರ್ ಆದ ಮೇಲೂ ಮೇಲ್ಗಡೆ ಒಂದು ಅಂಟು ಪದರ ಉಳಿಯುತ್ತದೆ, ಗಾಳಿಯ ಆಮ್ಲಜನಕ ಅದನ್ನು ಗಟ್ಟಿಯಾಗಲು ಬಿಡುವುದಿಲ್ಲ. ಅದನ್ನೂ ಬರಿಗೈಯಲ್ಲಿ ಮುಟ್ಟಿ ಒಣಗಿದೆಯೇ ಅಂತ ನೋಡುತ್ತಿದ್ದಳು. ಈಗ ನೈಟ್ರೈಲ್ ಗ್ಲೌಸ್ ಹಾಕುತ್ತಾಳೆ, ಜೆಲ್ ತಾಗಿದರೆ ಬದಲಿಸುತ್ತಾಳೆ. ಹೆಮಾ ಇಲ್ಲದ ಬೇಸ್ ಕೋಟ್ ತರಿಸಿದ್ದಾಳೆ, ಆದರೆ ಬೇರೆ ಅಕ್ರಿಲೇಟ್‌ಗಳಿಂದಲೂ ಅಲರ್ಜಿ ಬರಬಹುದು ಅಂತ ವೈದ್ಯರು ಹೇಳಿ ಕಳಿಸಿದ್ದಾರೆ.

ಯುರೋಪ್ ಒಕ್ಕೂಟದಲ್ಲಿ 2021ರಿಂದ ಹೆಮಾ ಇರುವ ಉಗುರಿನ ಉತ್ಪನ್ನಗಳ ಮೇಲೆ ವೃತ್ತಿಪರರ ಬಳಕೆಗೆ ಮಾತ್ರ, ಅಲರ್ಜಿ ಆಗಬಹುದು ಅಂತ ಬರೆಯಲೇಬೇಕು. ಜೆಲ್ ಗಟ್ಟಿಯಾಗಲು ಸೇರಿಸುವ ಟಿಪಿಒ ಅನ್ನುವ ಇನ್ನೊಂದು ರಾಸಾಯನಿಕವನ್ನು 2025ರ ಸೆಪ್ಟೆಂಬರ್ 1ರಿಂದ ಅಲ್ಲಿ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದ್ದಾರೆ. ನಮ್ಮ ಸಂತೆಯಲ್ಲಿ ಆರು ಬಾಟಲಿಯ ಸೆಟ್ ತಂದವರಿಗೆ ಲೇಬಲ್ಲೇ ಓದಲು ಬರುವುದಿಲ್ಲ, ಅಕ್ಷರ ಅಷ್ಟು ಸಣ್ಣ, ಭಾಷೆ ಇಂಗ್ಲಿಷೂ ಅಲ್ಲದ ಯಾವುದೋ ಒಂದು. ತರಬೇತಿ ಕೊಡುವವರು ಮೊದಲ ದಿನದ ಮೊದಲ ಪಾಠದಲ್ಲಿ ಇದನ್ನು ಹೇಳಬೇಕು. ಹಸಿ ಜೆಲ್ ಚರ್ಮಕ್ಕೆ ತಾಗಬಾರದು. ಅಂಚು ಚೊಕ್ಕವಾಗಿರಬೇಕು ಅನ್ನುವುದು ಬರೀ ಚಂದಕ್ಕಲ್ಲ.

ಶೆಲ್ಫ್ ಮೇಲೆ ಅಸಿಟೋನ್ ಬಾಟಲಿ, ಪಕ್ಕದಲ್ಲೇ ಲಕ್ಷ್ಮಿ ಫೋಟೋ, ಅದರ ಮುಂದೆ ಊದಿನಕಡ್ಡಿ. ಇದನ್ನು ನಾನು ತಂಗಿಯ ಅಂಗಡಿಯೂ ಸೇರಿ ಮೂರು ಪಾರ್ಲರ್‌ಗಳಲ್ಲಿ ನೋಡಿದ್ದೇನೆ. ಅಸಿಟೋನ್ ಪೆಟ್ರೋಲಿನಂತೆ ಹತ್ತಿಕೊಳ್ಳುತ್ತದೆ. ಫೋಟೋ ಆಚೆ ಗೋಡೆಗೆ ಹೋಗಲಿ, ದೇವಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಚ್ಚಿಸಿಕೊಳ್ಳುವವರೂ ಸ್ವಲ್ಪ ಕೇಳಿ. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಹದಿನೈದು ದಿನಕ್ಕೆ ಬುಡದಲ್ಲಿ ಬಿಳಿ ಗೆರೆ ಕಾಣುವುದು ಕೆಲಸ ಕೆಟ್ಟದ್ದಕ್ಕಲ್ಲ. ಎದ್ದ ತುದಿಯನ್ನು ಹಲ್ಲಿನಿಂದ, ಪಿನ್ನಿನಿಂದ ಕೀಳಬೇಡಿ, ಜೊತೆಗೆ ಉಗುರಿನ ಪದರವೂ ಬರುತ್ತದೆ. ಪಾರ್ಲರ್‌ನಲ್ಲಿ ಮೇಲಿನ ಹೊಳಪನ್ನು ಫೈಲ್ ಮಾಡಿ, ಅಸಿಟೋನ್ ಹತ್ತಿ ಇಟ್ಟು, ಫಾಯಿಲ್ ಸುತ್ತಿ ಹತ್ತು-ಹದಿನೈದು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಪಾತ್ರೆ ತೊಳೆಯುವಾಗ ಕೈಗವಸು, ರಾತ್ರಿ ಉಗುರಿನ ಬುಡಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ. ಹೌದು, ಹಚ್ಚುವ ಮೊದಲು ಶತ್ರುವಾದ ಎಣ್ಣೆ ಹಚ್ಚಿದ ಮೇಲೆ ಮಿತ್ರ. ಹೆರಿಗೆ ದಿನ ಹತ್ತಿರ ಇರುವವರು, ಆಪರೇಷನ್ ಇರುವವರು ಹಚ್ಚಿಸಬೇಡಿ. ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಯಂತ್ರಕ್ಕೆ ಗಾಢ ಬಣ್ಣ ಅಡ್ಡ ಬರಬಹುದು, ಜೆಲ್ ಆದರೆ ಅವಸರದಲ್ಲಿ ತೆಗೆಯುವುದಕ್ಕೂ ಆಗುವುದಿಲ್ಲ.

ಮೊನ್ನೆ ಮೆಣಸಿನಕಾಯಿ ತುಂಬು ಮುರಿಯುವ ಕೆಲಸಕ್ಕೆ ಹೋಗುವ ಒಬ್ಬ ಅಕ್ಕ ಬಂದಿದ್ದರು. ಮಗಳ ನಿಶ್ಚಿತಾರ್ಥ, ತಮಗೂ ಹಚ್ಚಬೇಕು ಅಂದರು. ತಂಗಿ ಅವರ ಕೈ ಹಿಡಿದು ನೋಡಿದಳು. ಉಗುರಿನಿಂದಲೇ ತುಂಬು ಮುರಿದು ಮುರಿದು ತುದಿಯೆಲ್ಲ ಸವೆದಿತ್ತು.

"ಅಕ್ಕಾರ, ಸುಳ್ಳು ಹೇಳೂದಿಲ್ಲ. ನೀವು ಕೆಲಸಕ್ಕ ಹೋಗೂ ಕೈಗೆ ಇದು ಹದಿನೈದು ದಿನಾ ನಿಲ್ಲೂದಿಲ್ಲ. ಒಂದು ವಾರ ನಿಂತ್ರ ಹೆಚ್ಚು. ಉಗುರು ಸಣ್ಣದು ಮಾಡಿ ಹಚ್ಚತೀನಿ. ನಡೀತೈತೇನ್ರಿ?"

"ನಿಶ್ಚಿತಾರ್ಥ ಐತಾರ ಐತಿ. ಐತಾರದ ತನಕ ನಿಂತ್ರ ಸಾಕವಾ."

ಆರು ತಿಂಗಳ ಹಿಂದೆ ಇದೇ ಹುಡುಗಿ ಬಂದವರಿಗೆಲ್ಲ ಹದಿನೈದು ದಿನ ಅಂತ ಮಾತು ಕೊಡುತ್ತಿದ್ದಳು, ಕೋರ್ಸ್‌ನಲ್ಲಿ ಹಾಗೇ ಹೇಳಬೇಕು ಅಂತ ಕಲಿಸಿದ್ದರು. ಆ ಅಕ್ಕನಿಗೆ ಕೆಲಸ ಮುಗಿಸಲು 70 ನಿಮಿಷ ತೆಗೆದುಕೊಂಡಳು. ಸ್ಟಾಪ್‌ವಾಚ್ ಹಾಕಿದ್ದ ನನ್ನ ಕಡೆ ನೋಡಲೂ ಇಲ್ಲ.

ತರಬೇತಿ ನಡೆಸುವವರಿಗೆ ನನ್ನ ಕೇಳಿಕೆ ದೊಡ್ಡದಲ್ಲ. ಒಂದೂವರೆ ದಿನವನ್ನು ಐದು ದಿನ ಮಾಡಿ. ಪ್ಲಾಸ್ಟಿಕ್ ಉಗುರು ಬಿಟ್ಟು ಪಕ್ಕದವಳ ಕೈ ಕೊಡಿ. ಹಚ್ಚಿದ ಮೇಲೆ ಒಂದು ವಾರ ಬಿಟ್ಟು ಅದೇ ಕೈಯನ್ನು ಮತ್ತೆ ಕರೆದು, ಎಷ್ಟು ಉಗುರು ಉಳಿದಿವೆ ಅಂತ ಎಣಿಸಿ, ಎದ್ದಿದ್ದರೆ ಎಲ್ಲಿಂದ ಎದ್ದಿತು ಅಂತ ನೋಡಿ. ತುದಿಯಿಂದಲೋ, ಬುಡದಿಂದಲೋ, ಇಡಿಯಾಗಿಯೋ. ತುದಿಯಿಂದ ಎದ್ದರೆ ಅಂಚು ಮುಚ್ಚಿಲ್ಲ. ಬುಡದಿಂದಾದರೆ ಪೊರೆ ತೆಗೆದಿಲ್ಲ ಅಥವಾ ಚರ್ಮಕ್ಕೆ ತಾಗಿದೆ. ಇಡಿಯಾಗಿ ಎದ್ದರೆ ಜಿಡ್ಡು ಅಥವಾ ನೀರು. ಸರ್ಟಿಫಿಕೇಟ್ ಆಮೇಲೆ ಕೊಡಿ. ಫೋಟೋ ತೆಗೆದ ದಿನ ಎಲ್ಲರ ಉಗುರೂ ಚಂದವೇ ಇರುತ್ತದೆ.

ಪೊಟ್ಟಣ ತಂದಿದ್ದ ಆ ತಾಯಿ ಮತ್ತೆ ಬಂದಿಲ್ಲ. ಅವರ ನಾಲ್ಕು ಚಿಪ್ಪುಗಳು ಮಾತ್ರ ತಂಗಿಯ ಡ್ರಾಯರ್‌ನಲ್ಲಿ ಇನ್ನೂ ಇವೆ, ಒಳಗಿನ ಮೈ ಮೇಲಾಗಿ. ಬೆಳಕಿಗೆ ಹಿಡಿದರೆ ಬುಡದ ಕಡೆ ಸತ್ತ ಚರ್ಮದ ತೆಳ್ಳನೆಯ ಪೊರೆ ಕಾಣುತ್ತದೆ. ಈಗ ಅವಳ ಹತ್ತಿರ ಕಲಿಯುವುದಕ್ಕೆ ಪಕ್ಕದ ಊರಿನಿಂದ ಇಬ್ಬರು ಹುಡುಗಿಯರು ಬರುತ್ತಿದ್ದಾರೆ. ಮೊದಲ ದಿನ ಅವರ ಕೈಗೆ ಬ್ರಷ್ ಕೊಡಲಿಲ್ಲ, ಆ ಚಿಪ್ಪು ಕೊಟ್ಟಳು. ಎರಡನೇ ದಿನಕ್ಕೆ ಕೈ ಬೇಕು ಅಂತ ನನಗೆ ಫೋನ್ ಬಂತು.